ಎನ್‌ಡಿಎ ಕೈತಪ್ಪಿತು, ಮುಂದೇನು?

ಪ್ರಶ್ನೆ: ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಎರಡು ಸಲ ಬರೆದೆ, ಆಗಲಿಲ್ಲ. ಈಗ ನನಗೆ 20 ವರ್ಷ. ಬಿ.ಕಾಂ. ಎರಡನೇ ವರ್ಷ, ಎನ್‌ಸಿಸಿಯಲ್ಲೂ ಇದ್ದೇನೆ. ಗಣಿತ ತಲೆಗೆ ಹತ್ತುವುದಿಲ್ಲ. ಸೇನೆಯಲ್ಲಿ ಆಫೀಸರ್ ಆಗುವ ಆಸೆ ಬಿಡಬೇಕಾ ಸರ್?
– ಓದುಗ, ಹಾಸನ

ಉತ್ತರ: ಯಾಕಪ್ಪಾ ಬಿಡ್ತೀಯ? ನಾನು ಎನ್‌ಡಿಎ ಮುಖವನ್ನೇ ನೋಡಿದವನಲ್ಲ. ಪಿಯುಸಿ ಮುಗಿಸಿ ಸಿಪಾಯಿಯಾಗಿ ಸೇರಿದೆ. ಆಮೇಲೆ ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜಿಗೆ ಆಯ್ಕೆಯಾದೆ. ಅಲ್ಲಿ 3 ವರ್ಷ ಡಿಗ್ರಿ, ನಂತರ ಐಎಂಎಯಲ್ಲಿ (ಭಾರತೀಯ ಸೇನಾ ಅಕಾಡೆಮಿ) 1 ವರ್ಷ ತರಬೇತಿ. ಹೆಗಲಿಗೆ ನಕ್ಷತ್ರ ಬಂದಾಗ ನನ್ನ ಜೊತೆಯ ಲೆಫ್ಟಿನೆಂಟ್‌ಗಳೆಲ್ಲ ನನಗಿಂತ ಚಿಕ್ಕವರು!

ನಿನ್ನ ದಾರಿ ಇನ್ನೂ ಹತ್ತಿರ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ 'ಬಿ' ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ತೆಗೆ. ಆಗ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆಯೇ ಇಲ್ಲ. ಇಲ್ಲವೇ ಸಿಡಿಎಸ್ ಬರಿ, ಅದು ಸೇನಾ ಆಫೀಸರ್ ಆಗಲು ಡಿಗ್ರಿಯವರು ಬರೆಯುವ ಪರೀಕ್ಷೆ. ಚೆನ್ನೈನ ಒಟಿಎಗೆ (ಆಫೀಸರ್‌ಗಳ ತರಬೇತಿ ಅಕಾಡೆಮಿ) ಮಾತ್ರ ಆದರೆ ಗಣಿತದ ಪತ್ರಿಕೆ ಬೇಡ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸಾಕು. ಈ ಎರಡು ದಾರಿಯೂ ಶಾರ್ಟ್ ಸರ್ವಿಸ್, ಅಂದರೆ ನಿಗದಿತ ಅವಧಿಯ ಸೇವೆ: 10 ವರ್ಷ, ಬೇಕಾದರೆ ಇನ್ನೂ 4.

ಆದರೆ ಎಸ್‌ಎಸ್‌ಬಿಯ (ಆಫೀಸರ್‌ಗಳನ್ನು ಆರಿಸುವ ಮಂಡಳಿ) 5 ದಿನದ ಸಂದರ್ಶನ ಯಾರಿಗೂ ತಪ್ಪಿದ್ದಲ್ಲ. ಮೊದಲ ಸಲ ನನ್ನನ್ನು ಮೊದಲ ದಿನವೇ ಮನೆಗೆ ಕಳಿಸಿದರು. ಮಸುಕು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಚರ್ಚೆ. ನಾನು ಸುಮ್ನೆ ಕೂತಿದ್ದೆ, ನನ್ನ ಇಂಗ್ಲಿಷಿಗೆ ನಗ್ತಾರೆ ಅಂತ. ಹರಕು ಇಂಗ್ಲಿಷಾದರೂ ಸರಿ, ನೀನು ಬಾಯಿ ಬಿಡು. ಈಗಿಂದಲೇ ಎನ್‌ಸಿಸಿ ಗೆಳೆಯರ ಜೊತೆ ದಿನಾ ಅರ್ಧ ಗಂಟೆ ಮಾತಾಡು. ಬೆಳಿಗ್ಗೆ ಓಡೋದು ನಿಲ್ಲಿಸಿಲ್ಲ, ಅಲ್ವಾ?