ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಇರುವ 10,000 ರೂಪಾಯಿಯನ್ನು ಮಿನಿಯೇಚರ್‌ಗೆ ಎಷ್ಟು, ರೂಲ್‌ಬುಕ್‌ಗೆ ಎಷ್ಟು ಎಂದು ಹಂಚಲಿ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ; ಮಿನಿಯೇಚರ್ ಎಂದರೆ ಆ ಪಾತ್ರಗಳನ್ನೂ ಶತ್ರುಗಳನ್ನೂ ತೋರಿಸಲು ಮೇಜಿನ ಮೇಲಿಡುವ ಪುಟ್ಟ ಗೊಂಬೆ. 2019ರಲ್ಲಿ ಇದೇ ಲೆಕ್ಕವನ್ನು ನಾನೂ ಹಾಕಿದ್ದೆ, ಮತ್ತು ಆ ಲೆಕ್ಕದಿಂದಾಗಿಯೇ ಎಂಟು ತಿಂಗಳಿಂದ ಚೆನ್ನಾಗಿ ನಡೆದಿದ್ದ ಒಂದು ಆಟವನ್ನು ಕಳೆದುಕೊಂಡೆ.

ರಾಜಾಜಿನಗರದ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ನಾಲ್ವರು ಸ್ನೇಹಿತರು ಸೇರುತ್ತಿದ್ದರು; ಕಥೆ ನಡೆಸುವ, ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್ ನಾನು. ಮಾನ್‌ಸ್ಟರ್ ಮ್ಯಾನ್ಯುಯಲ್ ಎಂಬ, ಶತ್ರುಜೀವಿಗಳ ನಿಯಮಗಳಿರುವ ಪುಸ್ತಕ ಕೊಳ್ಳಲು ಇಟ್ಟಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ, ಸಾಗಣೆ, ಸುಂಕ ಎಲ್ಲ ಸೇರಿ 8,000 ರೂಪಾಯಿಗೆ ವಿದೇಶದಿಂದ ಒಂದು ಡ್ರ್ಯಾಗನ್ ಗೊಂಬೆ ತರಿಸಿದೆ. ಹನ್ನೊಂದು ರಾತ್ರಿ ಕೂತು ಬಣ್ಣ ಹಚ್ಚಿದೆ: ಮೊದಲು ಕಪ್ಪು ಪ್ರೈಮರ್, ಅದರ ಮೇಲೆ ಕೆಂಪು, ಹುರುಪೆಗಳ ಸಂದಿಗೆ ನೀರಾಗಿಸಿದ ಕಂದು, ಕೊನೆಗೆ ಅಂಚುಗಳ ಮೇಲೆ ಒಣ ಬ್ರಷ್ಷಿನಿಂದ ಕಿತ್ತಳೆ. ಅದರ ನಿಯಮಗಳನ್ನು ಮಾತ್ರ ಸ್ನೇಹಿತನ ಪುಸ್ತಕ ನೋಡಿ ಹತ್ತೇ ನಿಮಿಷದಲ್ಲಿ ಚೀಟಿಯಲ್ಲಿ ಗೀಚಿಕೊಂಡೆ.

ತಪ್ಪಾದದ್ದು ಆ ಚೀಟಿಯಲ್ಲಿ. ಎಳೆಯ ಕೆಂಪು ಡ್ರ್ಯಾಗನ್ ಬೆಂಕಿಯುಗುಳಿದರೆ, ಅದರ ಮುಂದೆ 30 ಅಡಿಯೊಳಗೆ, ಅಂದರೆ ಮೇಜಿನ ಮೇಲೆ ಆರು ಚೌಕದೊಳಗೆ ಸಿಕ್ಕಿದವರಿಗೆ ಆರು ಮುಖದ 16 ದಾಳಗಳಷ್ಟು ಪೆಟ್ಟು ಬೀಳುತ್ತದೆ, ಸರಾಸರಿ 56. ಆದರೆ ಒಮ್ಮೆ ಉಗುಳಿದ ಮೇಲೆ ತನ್ನ ಪ್ರತಿ ಸರದಿಯ ಆರಂಭದಲ್ಲಿ ಒಂದು ದಾಳ ಹಾಕಬೇಕು, 5 ಅಥವಾ 6 ಬಿದ್ದರೆ ಮಾತ್ರ ಮತ್ತೆ ಉಗುಳಬಹುದು. ಪುಸ್ತಕದಲ್ಲಿ ಹೆಸರಿನ ಪಕ್ಕದ ಆವರಣದೊಳಗೇ ಇರುವ ಈ ಮಾತನ್ನು ನಾನು ಬರೆದುಕೊಂಡಿರಲಿಲ್ಲ. ಸೇವಿಂಗ್ ಥ್ರೋ, ಅಂದರೆ ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ, ಗೆದ್ದವರಿಗೆ ಅರ್ಧವೇ ಪೆಟ್ಟು ಎಂಬುದೂ ಬಿಟ್ಟುಹೋಗಿತ್ತು. ಹೀಗಾಗಿ ಮೂರು ಸರದಿಗೊಮ್ಮೆ ಬರಬಹುದಾಗಿದ್ದ ಬೆಂಕಿ ಪ್ರತಿ ಸರದಿಯೂ, ಎಲ್ಲರ ಮೇಲೂ ಪೂರ್ತಿಯಾಗಿ ಬಂತು. ಏಳನೆಯ ಲೆವೆಲ್ಲಿನ ನಾಲ್ಕೂ ಪಾತ್ರಗಳು ಮೂರು ಸುತ್ತಿನೊಳಗೆ ಸತ್ತವು. ಸ್ನೇಹಿತರು ಡ್ರ್ಯಾಗನ್ನಿಗೆ ಕಪ್ಪಕಾಣಿಕೆ ಕೊಟ್ಟು ಸಂಧಾನ ಮಾಡಿಕೊಳ್ಳಲು ಬಯಸಿದ್ದರು. ಅಷ್ಟು ದುಡ್ಡು ಕೊಟ್ಟು ತಂದ ಗೊಂಬೆ ಕಾದಾಡಲೇಬೇಕೆಂದು ನಾನೇ ಒಪ್ಪಲಿಲ್ಲ. ತನ್ನ ಪಾತ್ರದ ದಿನಚರಿಯನ್ನು ವಾರವಾರ ಬರೆಯುತ್ತಿದ್ದ ಗೆಳತಿ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಶನಿವಾರ ಯಾರೂ ಬರಲಿಲ್ಲ.

ಆದ್ದರಿಂದ ಹಣವನ್ನು ಹೇಗೆ ಹಂಚುವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಂಚಬೇಕಾದದ್ದು ನಿಮ್ಮ ಸಂಜೆಗಳನ್ನು. ಈ ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತಿವೆ, ಅದೇ ಡ್ರ್ಯಾಗನ್ ಕೂಡ ಅದರಲ್ಲಿದೆ. ಮೊದಲು ಅದನ್ನು ಓದಿ ಮುಗಿಸಿ. ಕೊಳ್ಳುವುದಾದರೆ ಮೇಜಿನ ಸುತ್ತ ಎಲ್ಲರ ಕೈಗೂ ಹೋಗುವ, ಆಟಗಾರರ ನಿಯಮಗಳಿರುವ ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದೇ ಸಾಕು. ಮಿನಿಯೇಚರ್‌ಗಳನ್ನು ನಾನು ಹಳಿಯುತ್ತಿಲ್ಲ. 1974ರಲ್ಲಿ ಬಂದ ಈ ಆಟದ ಬೇರೇ 1971ರ ಚೈನ್‌ಮೇಲ್ ಎಂಬ ಮಿನಿಯೇಚರ್ ಕಾಳಗದ ನಿಯಮಗಳಲ್ಲಿದೆ. ಆದರೆ ಒಂದು ಕಥೆ ಪೂರ್ತಿ ಮುಗಿಯುವವರೆಗೆ ಆಟಗಾರರ ಪಾತ್ರಗಳಿಗಷ್ಟೇ ಕೊಳ್ಳಿ. ಅವು ಪ್ರತಿ ವಾರ ಮೇಜಿಗೆ ಬರುತ್ತವೆ. ಶತ್ರುಗಳಿಗೆ ಚೆಸ್ ಕಾಯಿ, ಹುಣಸೆಬೀಜ ಧಾರಾಳವಾಗಿ ಸಾಕು. ಈಗಿನ ನನ್ನ ಗುಂಪಿನಲ್ಲಿ ಡ್ರ್ಯಾಗನ್ ಬಂದಾಗ ನಾಲ್ಕು ಚೌಕ ಹಿಡಿಯುವ ಕುಂಕುಮದ ಡಬ್ಬಿಯನ್ನು ಇಡುತ್ತೇವೆ, ಅದರ ಮುಚ್ಚಳಕ್ಕೆ "ಮತ್ತೆ ಬೆಂಕಿ: 5 ಅಥವಾ 6" ಎಂದು ಬರೆದ ಚೀಟಿ ಅಂಟಿಸಿದ್ದೇನೆ.