ಜಿಂಕೆ ಹೊಡೆಯಲು ಹೊಸಬರನ್ನು ಕರೆಯುವುದು ಸರಿಯೇ?

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೊಸಬರನ್ನು ಸರ್ಕಾರವೇ ಹುರಿದುಂಬಿಸುವುದು ಕ್ರೌರ್ಯವಲ್ಲವೇ ಎಂದು ಕೇಳಿದ್ದೀರಿ. ಮಲೆನಾಡಿನಿಂದ ಪೆನ್ಸಿಲ್ವೇನಿಯಾಕ್ಕೆ ಬಂದ ಹೊಸದರಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಮನಸ್ಸು ಬದಲಾದದ್ದು ಅಲೆಗೇನಿ ಕಾಡಿನಲ್ಲಿ ಒಂದು ಬೇಲಿ ನೋಡಿದ ಮೇಲೆ. ಜಿಂಕೆ ನುಗ್ಗದಂತೆ ತಂತಿಬೇಲಿ ಹಾಕಿದ್ದ ಜಾಗದೊಳಗೆ ಓಕ್, ಮೇಪಲ್ ಸಸಿಗಳು ಆಳೆತ್ತರ ಬೆಳೆದಿದ್ದವು. ಹೊರಗೆ ಹಳೆಯ ಮರಗಳ ಬುಡದಲ್ಲಿ ಬರೀ ಜರಿಗಿಡ. ಜಿಂಕೆ ಅದನ್ನು ಮುಟ್ಟುವುದು ಅಪರೂಪ, ಉಳಿದ ಚಿಗುರನ್ನೆಲ್ಲ ಮೇಯುತ್ತದೆ. ಆ ಹಳೆಯ ಮರಗಳು ಉರುಳಿದರೆ ಅವುಗಳ ಜಾಗಕ್ಕೆ ಬರುವ ಮರಿ ಮರವೇ ಇಲ್ಲ.

ನಮ್ಮ ನಾಗರಹೊಳೆಯಲ್ಲಿ ಜಿಂಕೆಯ ಸಂಖ್ಯೆಯನ್ನು ಹುಲಿ, ಚಿರತೆ, ಸೀಳುನಾಯಿಗಳು ಹಿಡಿತದಲ್ಲಿಡುತ್ತವೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ತಡೆದಿರುವುದು ನೂರಕ್ಕೆ ನೂರು ಸರಿ. ಇಲ್ಲಿಯ ತೋಳಗಳನ್ನೂ ಪೂಮಾ ಎಂಬ ದೊಡ್ಡ ಕಾಡುಬೆಕ್ಕುಗಳನ್ನೂ ಜನ ಶತಮಾನದ ಹಿಂದೆಯೇ ಮುಗಿಸಿಬಿಟ್ಟರು. ಹಾಗಾಗಿ ಆ ಕೆಲಸ ಬೇಟೆಗಾರರ ಪಾಲಿಗೆ ಬಂದಿದೆ.

ಬೇಟೆಗಾರರು ಹೆಚ್ಚಿದರಷ್ಟೇ ಸಾಲದು, ಅವರು ಹೊಡೆಯಬೇಕಾದದ್ದು ಹೆಣ್ಣು ಜಿಂಕೆಯನ್ನು. ಕೆಲವೇ ಗಂಡುಗಳು ಉಳಿದರೂ ಹೆಣ್ಣುಗಳೆಲ್ಲ ಗಬ್ಬವಾಗುತ್ತವೆ, ಮೇವು ಚೆನ್ನಾಗಿದ್ದರೆ ಅವಳಿ ಮರಿ ಹಾಕುತ್ತವೆ. ಹಳಬರಿಗೆ ಇದನ್ನು ಒಪ್ಪಿಸುವುದೇ ಕಷ್ಟ. 1900ರ ಸುಮಾರಿಗೆ ಇಲ್ಲಿ ಜಿಂಕೆ ಬಹುತೇಕ ಅಳಿದುಹೋಗಿತ್ತು, ಹಾಗಾಗಿ 1907ರಲ್ಲಿ ಹೆಣ್ಣು ಜಿಂಕೆಯ ಬೇಟೆಯನ್ನು ರಾಜ್ಯ ನಿಷೇಧಿಸಿತು. ಆ ನಿಷೇಧ ಎಂದೋ ಸಡಿಲವಾಯಿತು, ಆದರೆ ಅಜ್ಜಂದಿರು ಹಾಕಿದ ಕಟ್ಟು ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿತು. ಗಂಡು ಜಿಂಕೆಯ ಕೊಂಬಿನ ಹಂಬಲವಿಲ್ಲದ ಹೊಸಬರಿಂದ ನನಗೆ ಭರವಸೆ ಇರುವುದು ಇದೇ ಕಾರಣಕ್ಕೆ.

ಹೊಸಬರಿಗೆ ಕೋವಿ, ಪರವಾನಗಿ ಸಿಗುತ್ತವೆ. ಸಿಗದಿರುವುದು ಕಾಡಿಗೆ ಕರೆದೊಯ್ಯುವ ಮನುಷ್ಯ. ನನ್ನನ್ನು ಕರೆದೊಯ್ದವರು ಪಕ್ಕದ ಮನೆಯ ವೃದ್ಧರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದು, ಹೆಜ್ಜೆ ಗುರುತು ಓದುವುದು, ಬಿದ್ದ ಪ್ರಾಣಿಯ ಹೊಟ್ಟೆಯನ್ನು ಕೂಡಲೇ ಸ್ವಚ್ಛ ಮಾಡುವುದು ಎಲ್ಲವನ್ನೂ ಅವರೇ ಕಲಿಸಿದರು. ಎಲ್ಲಕ್ಕಿಂತ ದೊಡ್ಡ ಪಾಠ, ಒಂದೇ ಈಡಿಗೆ ಬೀಳುತ್ತದೆಂಬ ಖಾತ್ರಿ ಇಲ್ಲದಿದ್ದರೆ ಕೋವಿಯ ಕುದುರೆಯಿಂದ (ಟ್ರಿಗರ್) ಬೆರಳು ತೆಗೆಯುವುದು. ಮೊದಲ ವರ್ಷ ಮೂರು ಸಲ ತೆಗೆದೆ, ಬರಿಗೈಯಲ್ಲಿ ಮರಳಿದೆ. ಎರಡನೆಯ ವರ್ಷ ಹೊಡೆದ ಹೆಣ್ಣು ಜಿಂಕೆಯ ಪಕ್ಕ ಕುಳಿತು ಬಹಳ ಹೊತ್ತು ಏಳಲಾಗಲಿಲ್ಲ. ಆ ಭಾರ ಇರಲೇಬೇಕು ಎಂದರು ಅವರು. ಅರ್ಧ ಮಾಂಸ ನಮ್ಮ ಮನೆಗೆ ಬಂತು, ಉಳಿದದ್ದು ಬಡವರಿಗೆ ಊಟ ನೀಡುವ ಕೇಂದ್ರಕ್ಕೆ ಹೋಯಿತು.

ಈ ಸಲ ನನ್ನ ಜೊತೆ ಸಹೋದ್ಯೋಗಿಯೊಬ್ಬರು ಬರುತ್ತಿದ್ದಾರೆ. ಬೇಸಿಗೆಯಿಂದ ಗುರಿಯ ಅಭ್ಯಾಸ ನಡೆದಿದೆ. ಹೆಣ್ಣು ಜಿಂಕೆಯ ಪರವಾನಗಿಯನ್ನೂ ಮರೆಯದೆ ಮಾಡಿಸಿಕೊಳ್ಳಿ ಎಂದು ಅವರಿಗೆ ಹೇಳಿದ್ದೇನೆ.