ಬೇಲ್ ಆಗಿದೆ, ತಮ್ಮ ಮಾತ್ರ ಇನ್ನೂ ಒಳಗೇ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ನಾಲೆ ನೀರು ತಿರುಗಿಸುವ ವಿಷಯಕ್ಕೆ ಪಕ್ಕದ ಜಮೀನಿನವರ ಜೊತೆ ಜಗಳವಾಗಿ ನನ್ನ ತಮ್ಮ ಗುದ್ದಲಿ ಕಾವಿನಲ್ಲಿ ಹೊಡೆದುಬಿಟ್ಟ. ಅವರ ತಲೆಗೆ ಹೊಲಿಗೆ ಬಿತ್ತು, ಇವನು ಅರೆಸ್ಟ್ ಆದ. ತಾಲ್ಲೂಕು ಕೋರ್ಟಿನಲ್ಲಿ ಬೇಲ್ ಸಿಗಲಿಲ್ಲ, ಸೆಷನ್ಸ್ ಕೋರ್ಟಿನಲ್ಲಿ ಸಿಕ್ಕಿತು. ಒಂದು ಲಕ್ಷದ ಬಾಂಡು, ಇಬ್ಬರು ಜಾಮೀನುದಾರರು ಅಂತ ಆದೇಶ. ಐದು ವಾರ ಆಯಿತು, ಹೊರಗೆ ಬಂದಿಲ್ಲ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಪಹಣಿ ತೀರಿಹೋದ ತಾತನ ಹೆಸರಲ್ಲಿದೆ. ಕೋರ್ಟಿನ ಹತ್ತಿರ ಒಬ್ಬ, 15 ಸಾವಿರ ಕೊಟ್ಟರೆ ಜಾಮೀನುದಾರರನ್ನು ತಂದು ನಿಲ್ಲಿಸುತ್ತೇನೆ ಅನ್ನುತ್ತಿದ್ದಾನೆ. ಅವ್ವ ಓಲೆ ಅಡ ಇಡಲು ಹೊರಟಿದ್ದಾಳೆ. ಅವನು ಬಂದ ಮೇಲೆ ಆ ಮನೆಯವರ ಹತ್ತಿರ ಹೋಗಿ ರಾಜಿ ಮಾಡಿಕೊಳ್ಳಬಹುದಾ?”

ತಾಯಿ,

ಮೊದಲು ಓಲೆ ವಿಷಯ. ಅಡ ಇಡಬೇಡಿ ಅಂತ ಅವ್ವನಿಗೆ ಹೇಳಿ.

ಒಂದು ಲಕ್ಷದ ಬಾಂಡು ಅಂದರೆ ಒಂದು ಲಕ್ಷ ಕಟ್ಟಬೇಕು ಅಂತಲ್ಲ. ಅದು ಮುಚ್ಚಳಿಕೆ. ಕರೆದ ದಿನ ಕೋರ್ಟಿಗೆ ಬರುತ್ತೇನೆ, ಬಾರದಿದ್ದರೆ ಇಷ್ಟು ಹಣಕ್ಕೆ ನಾನು ಹೊಣೆ ಅಂತ ನಿಮ್ಮ ತಮ್ಮ ಬರೆದುಕೊಡುವುದು. ಜಾಮೀನುದಾರರು ಬರೆದುಕೊಡುವುದೂ ಅದನ್ನೇ. ಅವನು ತಪ್ಪಿಸಿಕೊಂಡರೆ ಮಾತ್ರ ದುಡ್ಡಿನ ಮಾತು. ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಲಿಲ್ಲ ಅನ್ನುವುದೇ ನನಗೆ ಬೇಜಾರು.

ತಾಲ್ಲೂಕು ಕೋರ್ಟಿನಲ್ಲಿ ಯಾಕೆ ಆಗಲಿಲ್ಲ ಅಂದರೆ, ನೀವು ಕಳಿಸಿದ ಎಫ್‌ಐಆರ್ ಪ್ರತಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 109 ಅಂತಿದೆ. ಕೊಲೆ ಯತ್ನ. 2024ರ ಜುಲೈ 1ಕ್ಕೆ ಮೊದಲು, ಹಳೆಯ ಐಪಿಸಿಯಲ್ಲಿ, ಇದೇ 307 ಆಗಿತ್ತು. ಊರಲ್ಲಿ ಈಗಲೂ ‘ತ್ರೀ ನಾಟ್ ಸೆವೆನ್’ ಅಂತಲೇ ಕರೆಯುತ್ತಾರೆ. ಗಾಯವಾಗಿದ್ದರೆ ಇದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇರುವುದರಿಂದ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರು ಬೇಲ್ ಕೊಡುವುದಿಲ್ಲ. ಸೆಷನ್ಸ್‌ಗೇ ಹೋಗಬೇಕು. ನಿಮ್ಮ ಲಾಯರು ಅಲ್ಲಿ ತಪ್ಪು ಮಾಡಿಲ್ಲ.

ಈಗ ಪಹಣಿ, ಅಂದರೆ ಜಾಮೀನುದಾರರು ಆಸ್ತಿಗೆ ಆಧಾರ ಅಂತ ಕೋರ್ಟಿನಲ್ಲಿ ತೋರಿಸುವ ಜಮೀನಿನ ದಾಖಲೆ. ನಿಮ್ಮ ತಾಪತ್ರಯವೆಲ್ಲ ಆ ಹಾಳೆಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿದೆ. ಉಳುತ್ತಿರುವವರು ನೀವು, ಅಲ್ಲಿರುವ ಹೆಸರು ತಾತನದು. ಮಂಡ್ಯ, ಮೈಸೂರು ಸೀಮೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ತಕರಾರಿನ ನೋಟಿಸು ಅಂತ ನಾಡಕಚೇರಿಗೆ ಓಡಾಡಿ ಮುಗಿಯುವವರೆಗೆ ತಮ್ಮ ಒಳಗಿರಬೇಕಾಗಿಲ್ಲ. ಜಾಮೀನಿಗೆ ಪಹಣಿಯೇ ಬೇಕು ಅಂತ ಕಾನೂನಿನಲ್ಲಿಲ್ಲ. ಸಂಬಳದ ಚೀಟಿ ಇರುವ ಸೋದರಮಾವನೋ, ಊರಿನ ಮನೆಯ ಖಾತೆ ಇರುವ ಚಿಕ್ಕಪ್ಪನೋ ಇದ್ದರೆ ಲಾಯರಿಗೆ ಹೇಳಿ ನೋಡಿ.

ನಾನೂ ಒಮ್ಮೆ ಜಾಮೀನು ನಿಂತವನೇ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಹುಡುಗನಿಗೆ. ಬೆಳಿಗ್ಗೆ ಹತ್ತೂವರೆಗೆ ಹೋಗಿ ಕಟಕಟೆ ಪಕ್ಕ ನಿಂತಾಗ ಸಂಜೆ ನಾಲ್ಕು. ಜಡ್ಜ್ ಕೇಳಿದ್ದು ಎರಡೇ ಮಾತು: ಇವನು ಗೊತ್ತಾ? ಓಡಿಹೋದರೆ ಏನಾಗುತ್ತೆ ಗೊತ್ತಾ? ಎರಡನೆಯದಕ್ಕೆ ಗೊತ್ತು ಅಂದೆ. ನಿಜ ಹೇಳಬೇಕೆಂದರೆ ಪೂರ್ತಿ ಗೊತ್ತಿರಲಿಲ್ಲ.

ಆ 15 ಸಾವಿರದವನು ತರುವ ಜನಕ್ಕೆ ಈ ಮೊದಲನೇ ಪ್ರಶ್ನೆಗೇ ಉತ್ತರ ಇರುವುದಿಲ್ಲ. ಅವರು ಬಾಡಿಗೆ ಜಾಮೀನುದಾರರು. ಇದುವರೆಗೆ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೀರಿ ಅಂತ ಜಾಮೀನುದಾರ ಕೋರ್ಟಿಗೆ ಬರೆದುಕೊಡಬೇಕು. ಅಲ್ಲಿ ಸುಳ್ಳು, ಆಧಾರ್ ಸುಳ್ಳು, ಪಹಣಿ ಸುಳ್ಳು. ಸಿಕ್ಕಿಬಿದ್ದರೆ ತಮ್ಮನ ಬೇಲೂ ಹೋಗಬಹುದು, ಹೊಸ ಕೇಸೂ ಬೀಳಬಹುದು. ಅವನ ಸಹವಾಸ ಬೇಡ.

ಹಾಗಾದರೆ ದಾರಿ ಯಾವುದು? 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇಂಥವರಿಗೆಂದೇ ಕೆಲವು ಸೂಚನೆ ಕೊಟ್ಟಿದೆ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಹೊರಗೆ ಬಂದರೆ ನಾನೇ ಜಾಮೀನುದಾರರನ್ನು ಹುಡುಕುತ್ತೇನೆ ಅಂತ ಆರೋಪಿ ಕೇಳಿಕೊಂಡರೆ ಸ್ವಲ್ಪ ದಿನಕ್ಕೆ ತಾತ್ಕಾಲಿಕ ಬೇಲ್ ಕೊಡುವುದನ್ನೂ ಪರಿಶೀಲಿಸಬಹುದು. ನಿಮಗೆ ಐದು ವಾರ ಆಗಿದೆ. ಅಂದರೆ ಕೇಳುವ ಹೊತ್ತು ಬಂದಿದೆ. ಇಬ್ಬರ ಬದಲು ಒಬ್ಬರು ಸಾಕು, ಬಾಂಡಿನ ಮೊತ್ತ ಇಳಿಸಿ, ಇಲ್ಲವೇ ಕೈಲಾದಷ್ಟು ನಗದು ಕಟ್ಟಲು ಬಿಡಿ ಅಂತ ಲಾಯರಿಂದ ಅರ್ಜಿ ಹಾಕಿಸಿ. ಆ ತಾತನ ಪಹಣಿಯನ್ನೂ ಜೊತೆಗೆ ಇಡಿಸಿ. ಯಾಕೆ ಆಗುತ್ತಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಲಾಯರು ಮತ್ತೆ ಫೀಸು ಕೇಳಿದರೆ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಇದು ಹೊಸ ಗೋಳೇನಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಂ ಎಂಬ ಗಾರೆ ಕೆಲಸದವನಿಗೆ ಹತ್ತು ಸಾವಿರದ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪದೆ ಹೋದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಾದರು. ದೂರದ ಊರಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ಮಲಯಾಳಿಯೋ ಅಲ್ಲಿನ ಆಸ್ತಿವಂತರನ್ನು ಎಲ್ಲಿಂದ ತರಬೇಕು ಅಂತ ತೀರ್ಪಿನಲ್ಲೇ ಕೇಳಿ, ಜಾಮೀನನ್ನು ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡಿಗೆ ಇಳಿಸಿದರು. ನಿಮ್ಮ ತಮ್ಮ ತನ್ನದೇ ತಾಲ್ಲೂಕಿನಲ್ಲಿ, ತನ್ನದೇ ಗದ್ದೆ ಪಕ್ಕದಲ್ಲಿ, ಅದೇ ಕಷ್ಟಕ್ಕೆ ಸಿಕ್ಕಿದ್ದಾನೆ.

ಕೊನೆಯದಾಗಿ ರಾಜಿ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ತಮ್ಮ ಆ ಮನೆ ಬಾಗಿಲಿಗೆ ಹೋಗಕೂಡದು. ಆದೇಶದ ಮೂರನೇ ಷರತ್ತು ಓದಿ: ಸಾಕ್ಷಿಗಳನ್ನು ಸಂಪರ್ಕಿಸಬಾರದು. ಹೊಡೆಸಿಕೊಂಡವರೇ ಮೊದಲ ಸಾಕ್ಷಿ. ಕಾಲಿಗೆ ಬೀಳಲು ಹೋದರೂ ಬೆದರಿಸಲು ಬಂದ ಅಂತ ಒಂದು ದೂರು ಬಿದ್ದರೆ ಬೇಲ್ ರದ್ದಾಗಬಹುದು. ಮಾತಾಡುವುದಿದ್ದರೆ ಲಾಯರುಗಳ ಮೂಲಕ ಆಗಲಿ. ಈ ಸಲದ ಕೊಯ್ಲು ಮುಗಿಯುವವರೆಗೆ ನಾಲೆ ನೀರು ಕಟ್ಟುವುದಕ್ಕೂ ಅವನನ್ನು ಕಳಿಸಬೇಡಿ. ಬೇರೆ ಯಾರಾದರೂ ಹೋಗಲಿ.

— ಸಂ.